ಬಂಗುಡೆ ಕಾಯಿಸಿದರೆ ಬೊಬ್ಬೆ ಹೊಡೆಯುವ ಫೈರ್ ಅಲಾರಂ

ಮಂಗಳೂರು ಬೆಂದೂರಿನ ಒಂದು ಪೀಜಿಗೆ ಅಲಾರಂ ನೋಡಲು ಕರೆದಿದ್ದರು. ಅಡುಗೆಮನೆ ಬಾಗಿಲೆದುರಿನ ಸ್ಮೋಕ್ ಡಿಟೆಕ್ಟರಿಗೆ ಯಾರೋ ಹಾಲಿನ ತೊಟ್ಟೆ ತೊಡಿಸಿ ರಬ್ಬರ್ ಬ್ಯಾಂಡ್ ಹಾಕಿದ್ದರು. "ಬಂಗುಡೆ ಕಾಯಿಸುವಾಗೆಲ್ಲ ಬೊಬ್ಬೆ ಹೊಡೆಯುತ್ತದೆ ಮಾರಾಯ್ರೆ, ಮಕ್ಕಳಿಗೆ ಓದಲಿಕ್ಕಾಗುವುದಿಲ್ಲ" ಅಂದರು ವಾರ್ಡನ್. ತಪ್ಪು ಅವರದ್ದಲ್ಲ, ಅಲ್ಲಿ ಅದನ್ನು ಕೂರಿಸಿದವನದ್ದು.

ಅಡುಗೆಮನೆಗೆ ಹೀಟ್ ಡಿಟೆಕ್ಟರ್ ಹಾಕಿ. ಅದು ಹೊಗೆ ನೋಡುವುದಿಲ್ಲ, ಬಿಸಿ ನೋಡುತ್ತದೆ. ಸಾಮಾನ್ಯವಾಗಿ 57 ಡಿಗ್ರಿಯದ್ದು ಸಾಕು. ಮಲಗುವ ಕೋಣೆ, ಮೆಟ್ಟಿಲು, ಕೋಣೆಗಳೆದುರಿನ ಓಣಿಗೆ (ಕಾರಿಡಾರ್) ಸ್ಮೋಕ್ ಡಿಟೆಕ್ಟರ್. ಬಾತ್‌ರೂಮ್ ಬಾಗಿಲ ಹತ್ತಿರ ಬೇಡ, ಹಬೆಗೂ ಕೂಗುತ್ತದೆ. ಎಸಿ ಗಾಳಿ ನೇರ ಬಡಿಯುವಲ್ಲಿಯೂ ಬೇಡ.

ಎಲ್ಲ ಡಿಟೆಕ್ಟರಿನ ವೈರ್ ಬಂದು ಸೇರುವ ಪೆಟ್ಟಿಗೆ, ಅಂದರೆ ಪ್ಯಾನೆಲ್, ಯಾವುದು? ಎರಡು ಮಹಡಿಯ ಸಣ್ಣ ಕಟ್ಟಡಕ್ಕೆ ಕನ್ವೆನ್ಷನಲ್ ಸಾಕು, ಸುಮ್ನೆ ಜಾಸ್ತಿ ಖರ್ಚು ಬೇಡ. ಆದರೆ ಹಂಪನಕಟ್ಟೆಯಂಥ ಕಡೆ ಹತ್ತಾರು ಅಂಗಡಿಗಳ ಕಾಂಪ್ಲೆಕ್ಸ್ ಇದ್ದರೆ ಅಡ್ರೆಸೆಬಲ್ ತಗೊಳ್ಳಿ, ಅದು ಯಾವ ಡಿಟೆಕ್ಟರ್ ಕೂಗಿತು ಅಂತಲೇ ತೋರಿಸುತ್ತದೆ. ರಾತ್ರಿ ಎಲ್ಲ ಶಟರ್ ಬಿದ್ದಿರುತ್ತದೆ. ಕನ್ವೆನ್ಷನಲ್ ಪ್ಯಾನೆಲ್ "2ನೇ ಮಹಡಿ" ಅಂತ ಮಾತ್ರ ಹೇಳುತ್ತದೆ. ಯಾವ ಬೀಗ ಒಡೆಯುವುದು?

ಬಾಡಿಗೆ ಕಟ್ಟಡದಲ್ಲಿ ಇನ್ನೊಂದು ಪಂಚಾತಿಕೆ. ಹೊಸ ಬಾಡಿಗೆದಾರ ಬಂದು ಫಾಲ್ಸ್ ಸೀಲಿಂಗ್ ಮಾಡಿಸುತ್ತಾನೆ, ಹಳೆ ಡಿಟೆಕ್ಟರ್ ಮೇಲೆಯೇ ಹೂತುಹೋಗುತ್ತದೆ. ಪ್ಯಾನೆಲ್, ಓಣಿ, ಮೆಟ್ಟಿಲು ಮಾಲೀಕರ ಜವಾಬ್ದಾರಿ; ಒಳಗೆ ಸೀಲಿಂಗೋ ಪಾರ್ಟಿಷನ್ನೋ ಮಾಡಿದರೆ ಡಿಟೆಕ್ಟರ್ ಜಾಗ ಬದಲಿಸುವ ಖರ್ಚು ಬಾಡಿಗೆದಾರರದ್ದು ಅಂತ ಕರಾರಿನಲ್ಲೇ ಬರೆಸಿ. ದೊಡ್ಡ ಕಟ್ಟಡವಾದರೆ ಸಾಮಾನು ತರುವ ಮೊದಲೇ ಅಗ್ನಿಶಾಮಕ ಇಲಾಖೆಯವರನ್ನು ಕಂಡು ಮಾತಾಡಿ. ಕದ್ರಿಯಲ್ಲೂ ಪಾಂಡೇಶ್ವರದಲ್ಲೂ ಠಾಣೆ ಇದೆ. ಕೊಟೇಶನ್ನಿನಲ್ಲಿ ಐಎಸ್ 2189 (ಫೈರ್ ಅಲಾರಂ ಕೂರಿಸುವ ಭಾರತೀಯ ಮಾನದಂಡ) ಪ್ರಕಾರ ಅಂತ ಬರೆಯದ ಫಿಟ್ಟರ್ ಹತ್ತಿರ ಯಾಕೆ ಅಂತ ಕೇಳಿ.

ನಮ್ಮ ಊರಿನ ಶತ್ರುಗಳು ಬೇರೆ. ಉಪ್ಪುಗಾಳಿಗೆ ಟರ್ಮಿನಲ್ ಹಸಿರುಗಟ್ಟುತ್ತದೆ. ಮಳೆ ಶುರುವಾಗುವಾಗ ಹುಳಗಳು ಡಿಟೆಕ್ಟರ್ ಒಳಗೆ ಹೊಕ್ಕು ನಡುರಾತ್ರಿ ಅಲಾರಂ ಹೊಡೆಸುತ್ತವೆ. ಮೇ ತಿಂಗಳಲ್ಲೇ ಒಮ್ಮೆ ಬಿಚ್ಚಿ ಬ್ಲೋವರ್ ಹಿಡಿಸಿ. ಸಿಡಿಲಿಗೆ ಪ್ಯಾನೆಲ್ ಸುಡಬಾರದೆಂದರೆ ಅರ್ಥಿಂಗ್ ಸರಿ ಇರಬೇಕು, ಜೊತೆಗೆ ಸರ್ಜ್ ಪ್ರೊಟೆಕ್ಟರ್ ಬೇಕು. ಹೊರಗಿನ ಜಂಕ್ಷನ್ ಬಾಕ್ಸಿಗೆ ವೈರ್ ಕೆಳಗಿನಿಂದ ಬರಲಿ, ಮೇಲಿನಿಂದ ಬಂದರೆ ಮಳೆನೀರಿಗೂ ಅದೇ ದಾರಿ.

ಕೆಲಸ ಮುಗಿದ ದಿನ ದುಡ್ಡು ಕೊಡುವ ಮೊದಲು ಫಿಟ್ಟರನ್ನು ಏಣಿ ಹತ್ತಿಸಿ. ಕನ್ವೆನ್ಷನಲ್ ಆದರೆ ಪ್ರತಿ ಝೋನಿನ (ಒಂದೇ ಲೈನಿನಲ್ಲಿರುವ ಡಿಟೆಕ್ಟರುಗಳ ಗುಂಪು) ಕೊನೇ ಡಿಟೆಕ್ಟರ್ ಕಳಚಲು ಹೇಳಿ. ಪ್ಯಾನೆಲ್‌ನಲ್ಲಿ ಹಳದಿ ಫಾಲ್ಟ್ ಲೈಟ್ ಬರಲೇಬೇಕು. ಬರದಿದ್ದರೆ ವೈರ್ ತುಂಡಾಗಿಲ್ಲ ಅಂತ ಪ್ಯಾನೆಲಿಗೆ ತಿಳಿಸಲು ಲೈನಿನ ತುದಿಯಲ್ಲಿರಬೇಕಾದ ರೆಸಿಸ್ಟರನ್ನು ಪ್ಯಾನೆಲ್ ಒಳಗೇ ಸಿಕ್ಕಿಸಿದ್ದಾರೆ ಅಂತ ಲೆಕ್ಕ. ಇದು ಹಳೇ ಕಳ್ಳದಾರಿ. ವೈರ್ ತುಂಡಾದರೂ ಹಸಿರು ಲೈಟೇ ಉರಿಯುತ್ತಿರುತ್ತದೆ.

ಆಮೇಲೆ ಮೈನ್ ಆಫ್ ಮಾಡಿ, ಬ್ಯಾಟರಿಯಲ್ಲೇ ಸೈರನ್ ಹೊಡೆಸಿ. ಪ್ಯಾನೆಲ್ ಒಳಗೆ ಸಾಮಾನ್ಯವಾಗಿ 12 ವೋಲ್ಟಿನ ಎರಡು ಬ್ಯಾಟರಿ ಇರುತ್ತದೆ, ಹಾಕಿದ ತಾರೀಕು ಮಾರ್ಕರಿನಲ್ಲಿ ಬರೆದಿಡಿ. ಸೈರನ್ ಹೊಡೆಯುವಾಗ ನೀವು ಓಣಿಯಲ್ಲಿ ನಿಲ್ಲಬೇಡಿ. ತುದಿಯ ಕೋಣೆಗೆ ಹೋಗಿ, ಬಾಗಿಲು ಹಾಕಿ, ಫ್ಯಾನ್ 5ರಲ್ಲಿಟ್ಟು ಮಂಚದ ಮೇಲೆ ಮಲಗಿ ಕೇಳಿ. ಬೆಂದೂರಿನಲ್ಲಿ ಹಾಗೆ ಮಲಗಿದಾಗ ನನಗೆ ಕೇಳಿಸಿದ್ದು ಫ್ಯಾನ್ ಮಾತ್ರ. ಆ ಮಹಡಿಗೆ ಇನ್ನೊಂದು ಸೈರನ್ ಹಾಕಿಸಿದೆವು.