ಕೂಲಿ ಚೀಟಿಗೆ 11 ಲೈಬ್ರರಿ

ನೂಲು ಕೊಟ್ಟು ಸೀರೆ ನೇಯಿಸಿಕೊಳ್ಳುವ ಇಳಕಲ್ಲಿನ ಅಂಗಡಿಗಳಿಗಾಗಿ ನಾನು ಬಾಗಲಕೋಟೆಯ ನವನಗರದ ಮನೆಯಲ್ಲಿ ಕುಳಿತು ಪೈಥಾನ್‌ನಲ್ಲಿ ಒಂದು ಲೆಕ್ಕದ ತಂತ್ರಾಂಶ ಬರೆದು, ಅದರ ಕೋಡನ್ನು ಎಂಐಟಿ ಲೈಸೆನ್ಸ್ ಅಡಿ ಮುಕ್ತವಾಗಿರಿಸಿದ್ದೇನೆ. ಯಾರಿಗೆ ಎಷ್ಟು ನೂಲು ಹೋಯಿತು, ಎಷ್ಟು ಸೀರೆ ಬಂತು, ಮುಂಗಡ ಕಳೆದು ಎಷ್ಟು ಕೂಲಿ ಉಳಿಯಿತು ಎಂಬುದಷ್ಟೇ ಅದರ ಕೆಲಸ. ಇಷ್ಟಕ್ಕೆ ನಾನು 11 ಹೊರಗಿನ ಲೈಬ್ರರಿಗಳನ್ನು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಕಟ್ಟುಗಳನ್ನು, ಸೇರಿಸಿಕೊಂಡಿದ್ದೆ. ಅದು ಅತಿಯಾಯಿತೆಂದು ಹೊಳೆದದ್ದು, ಮೊಬೈಲ್ ಇಂಟರ್‌ನೆಟ್ಟಿನಲ್ಲಿ ಅಳವಡಿಸಲು ಹೋದ ದಿನ ಮಾಲೀಕರು ಎರಡು ಸಲ ಚಹಾ ತರಿಸಿದರೂ ಡೌನ್‌ಲೋಡ್ ಮುಗಿಯದಿದ್ದಾಗ.

ಆ ರಾತ್ರಿ, ಯಾವ ಲೈಬ್ರರಿ ಯಾವುದನ್ನು ಅವಲಂಬಿಸಿದೆಯೆಂದು ತೋರಿಸುವ ಪಿಪ್‌ಡೆಪ್‌ಟ್ರೀ ಓಡಿಸಿ ನೋಡಿದರೆ, 11ರ ಬೆನ್ನಿಗೆ ಇನ್ನೂ 23 ಬಂದು ಕುಳಿತಿದ್ದವು. ದತ್ತಾಂಶ ವಿಶ್ಲೇಷಣೆಯ ದೊಡ್ಡ ಲೈಬ್ರರಿ ಪಾಂಡಾಸ್ ಅನ್ನು ನಾನು ಬಳಸಿದ್ದು ಒಂದು ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಪಟ್ಟಿ) ಕಡತ ಓದುವುದಕ್ಕೆ ಮಾತ್ರ. ಅದು ಅವಲಂಬಿಸುವ ಗಣಿತದ ಲೈಬ್ರರಿ ನಂಪೈ ಕೂಡ ಬಂದಿತ್ತು. ಪೈಥಾನ್ ಜೊತೆಗೇ ಬರುವ ಸಿಎಸ್‌ವಿ ಮಾಡ್ಯೂಲ್‌ನಿಂದ ಅದೇ ಕೆಲಸ ಸಲೀಸಾಗಿ ಆಯಿತು. 1,25,000 ಎಂದು ಲಕ್ಷದ ಅಲ್ಪವಿರಾಮ ಹಾಕುತ್ತಿದ್ದ ಲೈಬ್ರರಿಯ ಬದಲಿಗೆ 9 ಸಾಲಿನ ಫಂಕ್ಷನ್ ಬರೆದೆ. 2016ರಲ್ಲಿ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಕೋಡನ್ನು ಬರೆದವರು ಹಿಂತೆಗೆದುಕೊಂಡಾಗ ಜಗತ್ತಿನಾದ್ಯಂತ ಜಾವಾಸ್ಕ್ರಿಪ್ಟ್ ಬಿಲ್ಡುಗಳು (ಕೋಡನ್ನು ಜೋಡಿಸಿ ಬಳಕೆಗೆ ಸಿದ್ಧಪಡಿಸುವ ಕೆಲಸಗಳು) ನಿಂತುಹೋಗಿದ್ದವು. ಅಷ್ಟು ಸಣ್ಣದನ್ನು ನಾವೇ ಬರೆದುಕೊಳ್ಳುವುದೇ ಲೇಸು.

ಇದೇ ಹುರುಪಿನಲ್ಲಿ ಕನ್ನಡದ ಪಿಡಿಎಫ್ ಚೀಟಿಯನ್ನೂ ನಾನೇ ಜೋಡಿಸಹೊರಟು ಒಂದು ವಾರ ಕಳೆದುಕೊಂಡೆ. ‘ಮಲ್ಲಪ್ಪ’ ಎಂಬುದು ‘ಮಲ್‌ಲಪ್‌ಪ’ ಎಂದು ಅಚ್ಚಾಗುತ್ತಿತ್ತು. ಒತ್ತಕ್ಷರಕ್ಕೆ ನಿಯಮ ಬರೆದು ಅದನ್ನು ಸರಿಪಡಿಸಿದರೆ ‘ಧರ್ಮವ್ವ’ನ ಅರ್ಕಾವತ್ತು ಕೈಕೊಟ್ಟಿತು. ಕೊನೆಗೆ ಪಿಡಿಎಫ್ ತಯಾರಿಸುವ ಎಫ್‌ಪಿಡಿಎಫ್‌2 ಮತ್ತು ಅದರ ಜೊತೆಗೆ ಅಕ್ಷರ ಜೋಡಿಸುವ ಹಾರ್ಫ್‌ಬಝ್ ಅನ್ನು ಸೇರಿಸಿಕೊಂಡೆ. ಹಾರ್ಫ್‌ಬಝ್‌ನ ಕೋಡ್ ಪೂರ್ತಿ ಓದುವುದು ನನ್ನಿಂದಾಗದು. ಆದರೆ ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲಿ ಅಕ್ಷರ ಜೋಡಿಸುವುದು ಅದೇ, ತಪ್ಪಿದ್ದರೆ ನನಗಿಂತ ಮೊದಲೇ ಕಾಣುವ ಕಣ್ಣುಗಳು ಅಲ್ಲಿ ಹಲವಿವೆ.

ಹಲವು ಕಣ್ಣುಗಳಿದ್ದರೂ ಮೋಸ ನುಸುಳಬಲ್ಲದು. 2024ರಲ್ಲಿ ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಅಡಗಿಸಿದ್ದ ಹಿಂಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ) ಬಯಲಾದದ್ದು, ದೂರದ ಕಂಪ್ಯೂಟರಿಗೆ ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆಯೆಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನುಹತ್ತಿದ್ದರಿಂದ. ಹಾಗಾಗಿ ನಾನು ಪ್ರತಿ ಲೈಬ್ರರಿಯ ಆವೃತ್ತಿಯನ್ನು ಹ್ಯಾಶ್ (ಕಡತ ಬದಲಾದರೆ ತಿಳಿಸುವ, ಬೆರಳಚ್ಚಿನಂಥ ಸಂಕೇತ) ಸಮೇತ ಕಟ್ಟಿಹಾಕಿ, ಭದ್ರತೆಯ ತಿದ್ದುಪಡಿಗಳನ್ನು ಬಿಟ್ಟರೆ ಉಳಿದ ಹೊಸ ಆವೃತ್ತಿಗಳನ್ನು ಒಂದು ತಿಂಗಳು ತಡೆದೇ ತೆಗೆದುಕೊಳ್ಳುತ್ತೇನೆ.

ಎಕ್ಸೆಲ್‌ಗಾಗಿ ಇದ್ದ ಓಪನ್‌ಪೈಎಕ್ಸೆಲ್ ಅನ್ನೂ ತೆಗೆದು ಸಿಎಸ್‌ವಿಯನ್ನೇ ಕೊಡುವ ಆಸೆಯಿತ್ತು. ಕಡತದ ಮೊದಲಿಗೆ ಬಿಒಎಂ (ಅಕ್ಷರಗಳು ಯೂನಿಕೋಡ್ ಎಂದು ತಿಳಿಸುವ ಗುರುತು) ಸೇರಿಸಿದ್ದರಿಂದ ಎಕ್ಸೆಲ್‌ನಲ್ಲಿ ಕನ್ನಡ ಸರಿಯಾಗಿಯೇ ತೆರೆಯಿತು. ಆದರೆ ಸೊನ್ನೆಯಿಂದ ಶುರುವಾಗುವ ಬ್ಯಾಂಕ್ ಖಾತೆ ಸಂಖ್ಯೆಗಳ ಸೊನ್ನೆಯನ್ನು ಎಕ್ಸೆಲ್ ನುಂಗಿಬಿಡುತ್ತಿತ್ತು. ನೇಕಾರರ ಕೂಲಿ ಆ ಸಂಖ್ಯೆಗಳಿಗೇ ಜಮೆಯಾಗಬೇಕಾದ್ದರಿಂದ ಆ ಲೈಬ್ರರಿ ಇನ್ನೂ ಪಟ್ಟಿಯಲ್ಲಿದೆ.