ನೆದರ್‌ಲ್ಯಾಂಡ್ಸ್‌ಗೆ ಹೊಸದಾಗಿ ಬಂದಿದ್ದೀರಾ? ಸೈಕಲ್ ಹತ್ತುವ ಮೊದಲು ಇಷ್ಟು ಓದಿ

ಸೈಕಲ್ ತುಳಿಯುವುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಳಪೆಡಲ್ ಹೊಡೆದು, ಮಂಡಿ ತರಚಿಕೊಂಡು ಕಲಿತವರೇ ನಮ್ಮಲ್ಲಿ ಜಾಸ್ತಿ. ಇಲ್ಲಿ ಕಾಡುವುದು ಊರಿನ ಅಭ್ಯಾಸ. ಊರಲ್ಲಿ ಎದುರಿನವರ ಮುಖ ನೋಡಿ, ಸ್ವಲ್ಪ ಬ್ರೇಕ್ ಹಿಡಿದು, ಸಂದು ಸಿಕ್ಕ ಕಡೆ ನುಗ್ಗಿಬಿಡುತ್ತೇವೆ. ಇಲ್ಲಿ ಹಾಗಲ್ಲ. ನೀವು ನೆಟ್ಟಗೆ ಹೋಗುತ್ತೀರಿ, ತಿರುಗುವ ಮೊದಲು ಕೈ ತೋರಿಸುತ್ತೀರಿ ಅಂತ ನಂಬಿಕೊಂಡೇ ಹಿಂದಿನವರು ಜೋರಾಗಿ ಬರುತ್ತಿರುತ್ತಾರೆ. ದಾರಿ ತಪ್ಪಿತು ಅಂತ ಗಕ್ಕನೆ ನಿಲ್ಲಬೇಡಿ, ಪಕ್ಕಕ್ಕೆ ಸರಿದು ನಿಲ್ಲಿ.

ವಾಹನಗಳು ಬಲಗಡೆ ಓಡುವ ದೇಶ ಇದು. ರಸ್ತೆಗೆ ಇಳಿಯುವಾಗ ಹತ್ತಿರದ ಗಾಡಿ ಬರುವುದು ಎಡದಿಂದ, ಆದರೆ ನಮ್ಮ ಕತ್ತು ತಾನಾಗಿ ಬಲಕ್ಕೆ ತಿರುಗುತ್ತದೆ. ಮೊದಲ ಕೆಲವು ವಾರ ಎರಡೂ ಕಡೆ ಎರಡೆರಡು ಸಲ ನೋಡಿ. ಬೋರ್ಡು, ಸಿಗ್ನಲ್, ಗುರುತು ಏನೂ ಇಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವರಿಗೆ ಮೊದಲ ದಾರಿ, ಅದು ಕಾರಾಗಲಿ ಸೈಕಲ್ಲಾಗಲಿ. ನೆಲದ ಮೇಲೆ ಬಿಳಿ ತ್ರಿಕೋನಗಳ ಸಾಲು ಕಂಡು, ಅವುಗಳ ಚೂಪು ತುದಿ ನಿಮ್ಮ ಕಡೆಗಿದ್ದರೆ ನೀವು ಕಾಯಬೇಕು. ಇದನ್ನು ಇಲ್ಲಿಯವರು ಶಾರ್ಕ್ ಹಲ್ಲು ಅಂತಾರೆ.

ದುಂಡಗಿನ ನೀಲಿ ಬೋರ್ಡಿನಲ್ಲಿ ಬಿಳಿ ಸೈಕಲ್ ಚಿತ್ರ ಇದ್ದರೆ ಆ ಸೈಕಲ್ ದಾರಿಯಲ್ಲೇ ಹೋಗಬೇಕು. ಎರಡೇ ನಿಮಿಷ ಅಲ್ವಾ ಅಂತ ರಾಂಗ್ ಸೈಡಿನಲ್ಲಿ ಹೋಗಬೇಡಿ.

ಆಂಸ್ಟರ್‌ಡ್ಯಾಂ, ಹೇಗ್, ರಾಟರ್‌ಡ್ಯಾಂ ಕಡೆ ಇರುವವರಿಗೆ ಟ್ರ್ಯಾಮ್ ಹಳಿಯ ಮಾತು. ನನ್ನ ಮೊದಲ ನವೆಂಬರಿನಲ್ಲಿ, ಮಳೆ ಬಂದು ಹಳಿ ಒದ್ದೆಯಾಗಿದ್ದಾಗ, ಓರೆಯಾಗಿ ದಾಟಲು ಹೋಗಿ ಮುಂದಿನ ಚಕ್ರ ಹಳಿಯ ಸಂದಿಗೆ ಸಿಕ್ಕಿ, ಹೆಗಲಲ್ಲಿದ್ದ ಲ್ಯಾಪ್‌ಟಾಪ್ ಚೀಲದ ಸಮೇತ ಕೆಳಗೆ ಬಿದ್ದೆ. ಹಿಂದೆ ಟ್ರ್ಯಾಮ್ ಇರಲಿಲ್ಲ, ಅದೇ ಪುಣ್ಯ. ಹಳಿಯನ್ನು ಯಾವಾಗಲೂ ಅಡ್ಡಡ್ಡ ದಾಟಿ. ಧೈರ್ಯ ಬರದಿದ್ದರೆ ಇಳಿದು ತಳ್ಳಿಕೊಂಡು ಹೋಗಿ.

ನನಗೆ ಎಲ್ಲಕ್ಕಿಂತ ಭಯ ಲಾರಿಗಳದ್ದು. ಸಿಗ್ನಲ್ಲಿನಲ್ಲಿ ಅದರ ಬಲ ಪಕ್ಕಕ್ಕೆ ಹೋಗಿ ನಿಲ್ಲಲೇಬೇಡಿ. ಲಾರಿ ಬಲಕ್ಕೆ ತಿರುಗುವಾಗ ಅಲ್ಲಿರುವ ಸೈಕಲ್ ಡ್ರೈವರಿಗೆ ಕಾಣದೇ ಹೋಗಬಹುದು. ಹಿಂದೆಯೇ ಇರಿ, ಅದು ಹೋದ ಮೇಲೆ ಹೊರಡಿ.

ಸೆಕೆಂಡ್ ಹ್ಯಾಂಡ್ ಸೈಕಲ್ ತಗೊಂಡರೆ ಬ್ರೇಕ್ ಮೊದಲು ನೋಡಿ. ಕೆಲವದರಲ್ಲಿ ಕೈ ಬ್ರೇಕೇ ಇರುವುದಿಲ್ಲ, ಪೆಡಲನ್ನು ಹಿಂದಕ್ಕೆ ತುಳಿದರೆ ನಿಲ್ಲುತ್ತದೆ. ಖಾಲಿ ಜಾಗದಲ್ಲಿ ಅರ್ಧ ಗಂಟೆ ಅಭ್ಯಾಸ ಮಾಡದೆ ರಸ್ತೆಗೆ ತರಬೇಡಿ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ, ಬೆಳಗ್ಗೆ ಮಕ್ಕಳು ಶಾಲೆಗೆ ಹೊರಡುವಾಗಲೂ ಕತ್ತಲೇ. ಮುಂದೆ ಬಿಳಿ, ಹಿಂದೆ ಕೆಂಪು ದೀಪ ಇರಲೇಬೇಕು. ಫೋನ್ ಕೈಯಲ್ಲಿ ಹಿಡಿದು ಸೈಕಲ್ ತುಳಿಯುವುದಕ್ಕೆ 2019ರ ಜುಲೈ 1ರಿಂದ ನಿಷೇಧ ಇದೆ, ಮ್ಯಾಪ್ ನೋಡಬೇಕಾದರೆ ಹ್ಯಾಂಡಲ್ಲಿಗೆ ಸಿಕ್ಕಿಸಿಕೊಳ್ಳಿ.

8 ವರ್ಷದೊಳಗಿನ ಮಕ್ಕಳನ್ನು ಕೂರಿಸಿಕೊಂಡರೆ ಸರಿಯಾದ ಸೀಟು ಬೇಕು. ಕ್ಯಾರಿಯರ್ ಮೇಲೆ ಸುಮ್ನೆ ಕೂರಿಸಬೇಡಿ, ಕಾಲು ಕಡ್ಡಿಗೆ ಸಿಕ್ಕಿದರೆ ಮೂಳೆ ಮುರಿಯುತ್ತದೆ. ಪಾದ ಇಡುವ ಜಾಗ, ಚಕ್ರದ ಪಕ್ಕದ ಮುಚ್ಚಳ ಎರಡೂ ಇರಲಿ. ಹಬ್ಬದ ದಿನ ಸೀರೆ, ದುಪ್ಪಟ್ಟಾದಲ್ಲಿ ಹೊರಟಾಗ ಸೆರಗು ಸಿಕ್ಕಿಕೊಳ್ಳದಂತೆ ಕಾಯುವುದೂ ಅದೇ ಮುಚ್ಚಳ. ಹೆಲ್ಮೆಟ್ ಸಾಮಾನ್ಯ ಸೈಕಲ್ಲಿಗೆ ಕಡ್ಡಾಯ ಅಲ್ಲ, ಇಲ್ಲಿಯವರು ಹೆಚ್ಚಿನವರು ಹಾಕುವುದೂ ಇಲ್ಲ. ಆದರೂ ಕಲಿಯುವ ಮಕ್ಕಳಿಗೆ ಹಾಕಿಸಿ, ಯಾರು ಏನಂದುಕೊಂಡರೂ ಪರವಾಗಿಲ್ಲ.

ಮಗು ಒಬ್ಬನೇ ಶಾಲೆಗೆ ಹೋಗುವ ಮೊದಲು ಭಾನುವಾರ ಬೆಳಗ್ಗೆ, ರಸ್ತೆ ಖಾಲಿ ಇರುವಾಗ, ಅದೇ ದಾರಿಯಲ್ಲಿ ಅವನನ್ನು ಮುಂದೆ ಬಿಟ್ಟು ನೀವು ಹಿಂದೆ ಹೋಗಿ. ಆಮೇಲೆ ಒಂದು ಸಲ ಶಾಲೆಯ ದಿನ, ಶಾಲೆಯ ಹೊತ್ತಿಗೇ ಹೋಗಿ ಬನ್ನಿ.