ಅಡುಂಬು ಬಳ್ಳಿಯನ್ನು ಕುಂಡದಲ್ಲಿ ಬೆಳೆಸುವುದು ಹೇಗೆ

ಗೋವಾದಲ್ಲಿರುವ ನಮ್ಮವರು ಇದನ್ನು ನೋಡಿಯೇ ಇರುತ್ತೀರಿ. ಪಣಜಿಯ ಮಿರಾಮಾರ್ ಬೀಚ್ ಕಡೆ ಬೆಳಿಗ್ಗೆ ವಾಕಿಂಗ್ ಹೋದರೆ ಮರಳಿನ ಮೇಲೆ ಹಗ್ಗ ಎಳೆದ ಹಾಗೆ ಹರಡಿರುತ್ತದೆ, ಗುಲಾಬಿ-ನೇರಳೆ ಹೂವು ಬಿಟ್ಟುಕೊಂಡು. ಮರಾಠಿಯಲ್ಲಿ ಮರ್ಯಾದಾವೇಲ್ ಅನ್ನುತ್ತಾರೆ. ಗುರುತು ಎಲೆಯಲ್ಲಿದೆ. ತುದಿ ಎರಡಾಗಿ ಸೀಳಿ ಮೇಕೆಯ ಗೊರಸಿನ ಹಾಗೆ ಕಾಣುತ್ತದೆ, ಮುರಿದರೆ ಹಾಲು ಬರುತ್ತದೆ. ಗೆಣಸಿನ ಬಳಗದ್ದೇ, ಆದರೆ ಇದರ ಎಲೆಯನ್ನು ಅಡುಗೆಗೆ ಬಳಸಬೇಡಿ.

ಮೊದಲ ಮಾತು, ಬಳ್ಳಿ ಕಿತ್ತು ತರಬೇಡಿ. ಅದು ಗಣ್ಣು ಗಣ್ಣಿನಲ್ಲೂ ಬೇರು ಬಿಟ್ಟು ಮರಳು ಹಿಡಿದುಕೊಂಡಿರುತ್ತದೆ, ಗಾಳಿ ಮರಳು ತಂದು ಮುಚ್ಚಿದರೂ ಮೇಲೆದ್ದು ಮತ್ತೆ ಹರಡುತ್ತದೆ, ದಿಬ್ಬ ನಿಲ್ಲುವುದೇ ಹಾಗೆ. ಆ ದಿಬ್ಬಗಳಿಗೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮದ ರಕ್ಷಣೆಯೂ ಇದೆ. ಮೊರ್ಜಿ, ಅಗೊಂದಾ, ಗಾಲ್ಜಿಬಾಗ್ ಕಡೆ ಆಮೆ ಮೊಟ್ಟೆ ಇಡುವ ಜಾಗಕ್ಕಂತೂ ಕಾಲೇ ಇಡಬೇಡಿ. ಬೇರೆ ಕಡೆ, ಒಣಗಿ ಕೆಳಗೆ ಬಿದ್ದ ಉರುಟು ಕಾಯಿ ಒಂದು ಸಿಕ್ಕರೆ ಸಾಕು. ಸಾಮಾನ್ಯವಾಗಿ ಒಳಗೆ ನಾಲ್ಕು ಬೀಜ ಇರುತ್ತವೆ, ಮೈತುಂಬ ಮಖಮಲ್ಲಿನಂಥ ಕಂದು ಕೂದಲು.

ಮೊದಲ ಸಲ ನಾನು ಬೀಜವನ್ನು ಸುಮ್ನೆ ಮಣ್ಣಿಗೆ ಹಾಕಿ ಒಂದು ತಿಂಗಳು ನೀರು ಹಾಕಿದೆ. ಏನೂ ಬರಲಿಲ್ಲ. ಕೆದಕಿ ನೋಡಿದರೆ ಬೀಜ ಹಾಕಿದಾಗ ಹೇಗಿತ್ತೋ ಹಾಗೇ ಇತ್ತು! ಸಮುದ್ರದಲ್ಲಿ ತಿಂಗಳುಗಟ್ಟಲೆ ತೇಲಿದರೂ ನೀರು ಒಳಗೆ ಬಿಡದ ಸಿಪ್ಪೆ ಅದು, ನಮ್ಮ ಒಂದು ಮಗ್ ನೀರಿಗೆ ಜಗ್ಗುತ್ತದಾ? ಅದಕ್ಕೇ ಉಗುರು ಕತ್ತರಿ ಬೇಕು. ಬೀಜದ ಕಣ್ಣು, ಅಂದರೆ ಕಾಯಿಗೆ ಅಂಟಿಕೊಂಡಿದ್ದ ಗುರುತು, ಇರುವ ಜಾಗ ಬಿಟ್ಟು ಎದುರು ಬದಿಯಲ್ಲಿ ಒಂದು ಚೂರು ಸಿಪ್ಪೆ ಕತ್ತರಿಸಿ, ಒಳಗಿನ ಬಿಳಿ ಕಂಡ ತಕ್ಷಣ ನಿಲ್ಲಿಸಿ. ರಾತ್ರಿ ನೀರಲ್ಲಿ ನೆನೆಸಿಡಿ. ಬೆಳಿಗ್ಗೆ ಉಬ್ಬಿದ್ದನ್ನು ಅರ್ಧ ಇಂಚು ಆಳಕ್ಕೆ ಊರಿ, ಉಬ್ಬದೇ ಇದ್ದರೆ ಇನ್ನೊಂದು ಸಲ ಕತ್ತರಿಸಿ ನೆನೆಸಿ.

ಕುಂಡ ಅಗಲ ಇರಲಿ, ತಳದಲ್ಲಿ ತೂತು ದೊಡ್ಡದಿರಲಿ. ಮೂರು ಪಾಲು ದಪ್ಪ ಮರಳು, ಒಂದು ಪಾಲು ಮಣ್ಣು. ಮರಳನ್ನು ಬೀಚಿನಿಂದ ತರಬೇಡಿ, ಕಟ್ಟಡದ ಕೆಲಸದ್ದು ತೊಳೆದು ಹಾಕಿ. ಗೊಬ್ಬರ ಬೇಡ, ಹಾಕಿದರೆ ಬರೀ ಎಲೆ ಜಾಸ್ತಿ. ಉಪ್ಪು ನೀರು ಹಾಕಬೇಕಾ ಅಂತ ತುಂಬ ಜನ ಕೇಳುತ್ತಾರೆ. ಬೇಡ. ಈ ಬಳ್ಳಿ ಉಪ್ಪನ್ನು ತಡೆದುಕೊಳ್ಳುತ್ತದೆ, ಅದಕ್ಕೆ ಉಪ್ಪು ಬೇಕೇ ಬೇಕು ಅಂತಿಲ್ಲ. ಬೇಕಾಗಿರುವುದು ದಿನವಿಡೀ ಬಿಸಿಲು. ಮೇಲಿನ ಎರಡು ಇಂಚು ಒಣಗಿದ ಮೇಲೆ ನೀರು ಕೊಡಿ, ಜೂನ್ ಬಂದರೆ ಕುಂಡವನ್ನು ಸಜ್ಜಾದ ಕೆಳಗೆ ಸರಿಸಿ.

ಹೊಸ ಎಲೆ ಪುಸ್ತಕ ಮುಚ್ಚಿದ ಹಾಗೆ ನಡುವೆ ಮಡಚಿಕೊಂಡೇ ಬರುತ್ತದೆ, ರೋಗ ಅಂದುಕೊಂಡು ಕೀಳಬೇಡಿ. ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುದುಡುತ್ತದೆ, ಫೋಟೋ ಬೇಕಿದ್ದರೆ ಬೇಗ ಏಳಿ. ಬಳ್ಳಿ ಕುಂಡ ದಾಟಿದಾಗ ಪಕ್ಕದಲ್ಲಿ ಇನ್ನೊಂದು ಮರಳಿನ ಕುಂಡ ಇಟ್ಟು, ಒಂದು ಗಣ್ಣನ್ನು ಅದರ ಮೇಲೆ ಒತ್ತಿ ಕಲ್ಲು ಹೇರಿ. ಬೇರು ಹಿಡಿದ ಮೇಲೆ ನಡುವೆ ಕತ್ತರಿಸಿ ಪಕ್ಕದ ಮನೆಯವರಿಗೆ ಕೊಡಿ, ಅವರು ಬೀಚಿಗೆ ಹೋಗಿ ಕೀಳುವುದು ತಪ್ಪುತ್ತದೆ.